ಹೆರೆಯುವ ಮಣೆಯ ಉಪಯೋಗವೂ ಸಂರಕ್ಷಣೆಯೂ

(ಗೃಹಕೃತ್ಯ ಪಾಠ)

ಈ ಸಂಚಿಕೆಯಲ್ಲಿ ಗೃಹಕೃತ್ಯವನ್ನು ಕುರಿತು ಒಂದು ಪಾಠವಿರಬೇಕೆಂದು ಅನೇಕರು ಅಪೇಕ್ಷಿಸಿದುದರಿಂದ, ನಾವು ಅಡಿಗೆಯ ಮನೆಯ ಒಂದು ಚಿಕ್ಕ ಉಪಕರಣವನ್ನೇ ವಿಷಯವಾಗಿ ಆರಿಸಿಕೊಂಡಿದ್ದೇವೆ. ಪೇಟೆಯವರು ಅದನ್ನು ಸ್ಲೈಸರ್ ಎನ್ನುತ್ತಾರೆ. ಮನೆಗಳಲ್ಲಿ ಚಿಪ್ಸ್ ಮಣೆ ಎಂದು ಕರೆಯುವುದುಂಟು. ಈ ಪಾಠದಲ್ಲಿ ನಾವು ಅದನ್ನು ಹೆರೆಯುವ ಮಣೆ ಎಂದೇ ಕರೆಯುವೆವು.

ಇಷ್ಟು ಅಲ್ಪವಾದ ವಸ್ತುವಿಗೆ ಒಂದು ಪಾಠವೇಕೆಂದು ಕೆಲವರು ಕೇಳಬಹುದು. ಮೊದಲನೆಯದಾಗಿ, ನಮ್ಮ ನಾಡಿನ ಹಿರಿಯರು ಅಡಿಗೆಯ ಕೆಲಸವನ್ನು ಅಲ್ಪವೆಂದು ಎಣಿಸಿದವರಲ್ಲ. 1025ರ ಸುಮಾರಿನಲ್ಲಿ 2ನೆಯ ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿ ಪಾಕವಿಷಯಕ್ಕೆ ಸ್ಥಳವುಂಟು. 16ನೆಯ ಶತಮಾನದ ಆರಂಭದಲ್ಲಿದ್ದ 3ನೆಯ ಮಂಗರಸನು ಸೂಪಶಾಸ್ತ್ರವೆಂಬ ಗ್ರಂಥವನ್ನೇ ಬರೆದನು. ಎರಡನೆಯದಾಗಿ, ಹೆರೆಯುವ ಮಣೆಯು ಕ್ಷಣಮಾತ್ರದಲ್ಲಿ ಬೆರಳಿನ ತುದಿಯನ್ನು ತೆಗೆದುಬಿಡಬಲ್ಲದು. ನಮ್ಮಲ್ಲಿ ಓದಿಹೋದವರಲ್ಲಿ ದಾದಿಯರಿದ್ದಾರೆ, ಉಪಾಧ್ಯಾಯಿನಿಯರಿದ್ದಾರೆ, ಹೊಲಿಗೆಯಿಂದ ಸಂಸಾರವನ್ನು ನಡೆಯಿಸುವವರಿದ್ದಾರೆ. ಇವರೆಲ್ಲರ ಜೀವನವು ಕೈಬೆರಳುಗಳ ಮೇಲೆ ನಿಂತಿದೆ. ಆದಕಾರಣ ಈ ಉಪಕರಣವನ್ನು ಅರಿತು ಹಿಡಿಯತಕ್ಕದ್ದು ಅವಶ್ಯವೆಂದು ನಾವು ಭಾವಿಸುತ್ತೇವೆ.

1. ಉಪಕರಣದ ಪರಿಚಯ

ಹೆರೆಯುವ ಮಣೆಯಲ್ಲಿ ಮುಖ್ಯವಾಗಿ ನಾಲ್ಕು ಅಂಗಗಳಿವೆ. ತರಕಾರಿಯು ಜಾರಿಕೊಂಡು ಹೋಗುವ ಹಲಗೆ. ಹಲಗೆಯ ನಡುವೆ ಅಡ್ಡಲಾಗಿಯೋ ಓರೆಯಾಗಿಯೋ ಕೂರಿಸಿದ ಅಲಗು. ಅಲಗಿಗೂ ಹಲಗೆಗೂ ನಡುವೆ ಹೋಳು ಕೆಳಗೆ ಬೀಳುವುದಕ್ಕೆ ಬಿಟ್ಟಿರುವ ಸಂದು. ತರಕಾರಿಯನ್ನು ಚುಚ್ಚಿ ಹಿಡಿಯುವುದಕ್ಕೆ ಬೇರೆಯಾಗಿ ಕೊಟ್ಟಿರುವ ಹಿಡಿಕೆ. ಕೆಲವು ಮಣೆಗಳಲ್ಲಿ ಸಂದನ್ನು ಹಿಗ್ಗಿಸಿ ಕುಗ್ಗಿಸುವುದಕ್ಕೆ ಒಂದು ತಿರುಪು ಇರುತ್ತದೆ. ಸಂದು ಎಷ್ಟೋ ಹೋಳಿನ ದಪ್ಪವೂ ಅಷ್ಟೇ.

ಕೊಳ್ಳುವಾಗ ಮೂರು ಸಂಗತಿಗಳನ್ನು ಪರೀಕ್ಷಿಸಬೇಕು. ಅಲಗು ಅಲುಗಾಡಬಾರದು. ನೆಲಕ್ಕೆ ತಾಗುವ ಪಾದಗಳು ಜಾರಬಾರದು. ಹಿಡಿಕೆಯು ಜೊತೆಯಲ್ಲಿರಲೇಬೇಕು. ನಂಜನಗೂಡಿನ ದೊಡ್ಡ ಜಾತ್ರೆಯ ಅಂಗಡಿಯಲ್ಲಿ ಕೊಂಡರೂ ಸರಿಯೇ, ಮೈಸೂರಿನ ಪೇಟೆಯಲ್ಲಿ ಕೊಂಡರೂ ಸರಿಯೇ, ಹಿಡಿಕೆಯಿಲ್ಲದ ಮಣೆಯನ್ನು ನಾಲ್ಕು ಕಾಸು ಅಗ್ಗವೆಂದು ತರಬೇಡಿರಿ. ತಂದ ಮೇಲೆ ಹಿಡಿಕೆಯನ್ನು ಪೆಟ್ಟಿಗೆಯಲ್ಲಿಯೇ ಬಿಟ್ಟು ಅಟ್ಟಕ್ಕೆ ಹಾಕುವುದೂ ತರದೆ ಇರುವುದೂ ಒಂದೇ.

2. ಈಳಿಗೆಮಣೆಗೂ ಇದಕ್ಕೂ ಇರುವ ಭೇದ

ಈ ಉಪಕರಣದಿಂದ ಗಾಯಗೊಳ್ಳುವವರು ಅಡಿಗೆಯನ್ನು ಅರಿಯದ ಬಾಲಿಕೆಯರು ಮಾತ್ರವೇ ಅಲ್ಲ. ಮೂವತ್ತು ನಲವತ್ತು ವರ್ಷಗಳಿಂದ ಈಳಿಗೆಮಣೆಯ ಮುಂದೆ ಕುಳಿತ ಅನುಭವಶಾಲಿನಿಯರಾದ ತಾಯಂದಿರೂ ಗಾಯಗೊಳ್ಳುತ್ತಾರೆ. ಇದಕ್ಕೆ ತಕ್ಕ ಕಾರಣವುಂಟು.

ಈಳಿಗೆಮಣೆಯಲ್ಲಿ ಅಲಗು ಮೇಲೆದ್ದು ನಿಂತಿರುತ್ತದೆ. ಅದರ ಬಾಯಿ ಸದಾ ಕಣ್ಣೆದುರಿಗೇ ಇರುತ್ತದೆ. ಮಣೆಯನ್ನು ಕಾಲಿನಿಂದ ಒತ್ತಿಕೊಂಡು, ತರಕಾರಿಯನ್ನು ಎರಡು ಕೈಗಳಿಂದಲೂ ಹಿಡಿದು, ಅಲಗಿನ ಎರಡು ಪಕ್ಕಗಳಲ್ಲಿಯೂ ಬೆರಳುಗಳನ್ನು ಇಟ್ಟುಕೊಂಡು ಹೆಚ್ಚುತ್ತೇವೆ. ಅಲಗು ಎಲ್ಲಿದೆಯೆಂಬುದನ್ನು ಕಣ್ಣೂ ಕೈಯೂ ಒಟ್ಟಿಗೆ ತಿಳಿದಿರುತ್ತವೆ. ಹೆರೆಯುವ ಮಣೆಯಲ್ಲಾದರೋ ಅಲಗು ಮಲಗಿರುತ್ತದೆ. ತರಕಾರಿಯು ಅದನ್ನು ಮುಚ್ಚಿಬಿಡುತ್ತದೆ. ಒಂದೇ ಕೈ ಅದರ ಮೇಲೆ ವೇಗವಾಗಿ ಹೋಗಿ ಬರುತ್ತದೆ. ಒಂದೊಂದು ಸಾರಿ ಹೋಗಿಬಂದಾಗಲೂ ತರಕಾರಿಯು ತೆಳುವಾಗುತ್ತದೆ, ಅಂಗೈಯು ಅಲಗಿಗೆ ಹತ್ತಿರವಾಗುತ್ತದೆ. ಹೀಗೆ ಹತ್ತಿರವಾಗುವುದು ಕಣ್ಣಿಗೆ ಕಾಣುವುದಿಲ್ಲ.

ಆದಕಾರಣ ಈಳಿಗೆಮಣೆಯಲ್ಲಿ ಕಲಿತ ಧೈರ್ಯವನ್ನು ಇಲ್ಲಿಗೆ ತರಬಾರದು. ಮಗಳು ಮನೆಗೆ ಹೊಸ ಮಣೆಯನ್ನು ತಂದುಕೊಟ್ಟರೆ, ತಾಯಿಗೂ ಅತ್ತೆಗೂ ಅದನ್ನು ಬಳಸುವ ಕ್ರಮವನ್ನು ವಿನಯದಿಂದ ತೋರಿಸಿಕೊಡತಕ್ಕದ್ದು. "ಅಮ್ಮ, ಇದು ಈಳಿಗೆಯಂತಲ್ಲ, ಮೊದಲು ನಾನು ನಾಲ್ಕು ಹೋಳು ಹೆರೆಯುತ್ತೇನೆ, ನೀವು ನೋಡಿರಿ" ಎಂದು ಹೇಳುವುದರಲ್ಲಿ ಅಗೌರವವೇನೂ ಇಲ್ಲ.

3. ಹೆರೆಯುವ ಕ್ರಮ

ಮೊದಲು ಮಣೆಯು ಸ್ಥಿರವಾಗಿರಬೇಕು. ಕಟ್ಟೆಯ ಮೇಲೆ ಹಿಂಡಿದ ಒದ್ದೆಬಟ್ಟೆಯನ್ನು ಮಡಿಸಿ ಹಾಸಿ, ಅದರ ಮೇಲೆ ಮಣೆಯ ಪಾದಗಳನ್ನು ಇಟ್ಟರೆ ಜಾರುವುದಿಲ್ಲ. ತರಕಾರಿಯನ್ನು ತೊಳೆದು ಒರೆಸಬೇಕು. ನೀರು ತೊಟ್ಟಿಕ್ಕುವ ತರಕಾರಿಯು ಕೈಯಿಂದ ಜಾರುತ್ತದೆ. ಆಲೂಗಡ್ಡೆ, ಈರುಳ್ಳಿ ಮುಂತಾದ ದುಂಡಗಿನವುಗಳನ್ನು ಮೊದಲು ಚಾಕುವಿನಿಂದ ಒಂದು ಕಡೆ ಕತ್ತರಿಸಿ, ಆ ಸಮತಲವಾದ ಮುಖವನ್ನು ಹಲಗೆಯ ಮೇಲೆ ಇಡಬೇಕು.

ತರಕಾರಿಯನ್ನು ಹಿಡಿಕೆಗೆ ಚುಚ್ಚಿ, ಒಂದೇ ಸಮನಾದ ಒತ್ತಡದಿಂದ ಮುಂದಕ್ಕೆ ನೂಕಬೇಕು. ಸೋರೆಕಾಯಿ, ಮೂಲಂಗಿಗಳಂತಹ ಉದ್ದನೆಯ ತರಕಾರಿಯು ಹಿಡಿಕೆಯಲ್ಲಿ ನಿಲ್ಲದಿದ್ದರೆ, ಆರಂಭದಲ್ಲಿ ಮಾತ್ರ ಬರಿಗೈಯಿಂದ ಹೆರೆಯಬಹುದು. ಆಗಲೂ ಬೆರಳುಗಳಿಂದ ಅದನ್ನು ಸುತ್ತಿ ಹಿಡಿಯದೆ, ಬೆರಳುಗಳನ್ನು ಮೇಲಕ್ಕೆತ್ತಿ ಅಂಗೈಯ ಬುಡದಿಂದ ನೂಕಬೇಕು. ಮೂರು ಬೆರಳಗಲದಷ್ಟು ಉಳಿದ ಕೂಡಲೇ ಬರಿಗೈಯನ್ನು ತೆಗೆದುಬಿಡತಕ್ಕದ್ದು.

ಈ ಕೆಲಸವನ್ನು ಮಾಡುವಾಗ ಮಾತನ್ನಾಡಬಾರದು, ಬಾಗಿಲ ಕಡೆಗೆ ತಿರುಗಬಾರದು, ಟೆಲಿಫೋನ್ ಕೂಗಿದರೂ ಓಡಬಾರದು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯು ಮಿಕ್ಕ ಕೆಲಸಗಳಿಗಿಂತಲೂ ಈ ಕೆಲಸಕ್ಕೆ ಹೆಚ್ಚು ಸಲ್ಲುತ್ತದೆ.

4. ಕೊನೆಯ ತುಂಡು

ಈ ಪಾಠದಲ್ಲಿ ಒಂದೇ ಮಾತನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿರಿ: ಕೊನೆಯ ತುಂಡನ್ನು ಹೆರೆಯಬೇಡಿರಿ.

ತರಕಾರಿಯು ದೊಡ್ಡದಾಗಿರುವಾಗ ಕೈಗೆ ಭಯವಿಲ್ಲ. ಅದು ತೆಳುವಾಗುತ್ತಾ ಬಂದು, ಇನ್ನೆರಡು ಹೋಳು ಬಂದೀತೆಂಬ ಆಸೆಯಿಂದ ಬೆರಳ ತುದಿಗಳಿಂದ ಒತ್ತುವಾಗಲೇ ಅಪಾಯ. ನಮ್ಮ ತಾಯಂದಿರು ಮಿತವ್ಯಯವನ್ನು ಬಲ್ಲವರು. ಒಂದು ಚೂರನ್ನೂ ಹಾಳುಮಾಡಬಾರದೆಂದು ನಮಗೆ ಕಲಿಸಿದವರು. ಅವರ ಆ ಗುಣವನ್ನು ನಾವು ಬಿಡಬೇಕೆಂದು ಹೇಳುವುದಿಲ್ಲ. ಐದು ರೊಟ್ಟಿಗಳಿಂದ ಬಹುಜನರು ತೃಪ್ತರಾದ ತರುವಾಯ, ಉಳಿದ ತುಂಡುಗಳು ವ್ಯರ್ಥವಾಗದಂತೆ 12 ಪುಟ್ಟಿಗಳಲ್ಲಿ ಕೂಡಿಸಿದ ವೃತ್ತಾಂತವನ್ನು ಯೋಹಾನನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ ನೀವೆಲ್ಲರೂ ಓದಿದ್ದೀರಿ. ತುಂಡುಗಳನ್ನು ಕೂಡಿಸತಕ್ಕದ್ದು ಸರಿ. ಆದರೆ ಅವುಗಳನ್ನು ಅಲಗಿನ ಬಾಯಿಯಿಂದ ಕೀಳಬೇಕೆಂಬ ನಿಯಮವೇನೂ ಇಲ್ಲ.

ಮಣೆಯ ಪಕ್ಕದಲ್ಲಿ ಒಂದು ಬಟ್ಟಲನ್ನು ಇಟ್ಟುಕೊಳ್ಳಿರಿ. ಉಳಿದ ತುಂಡುಗಳನ್ನೆಲ್ಲಾ ಅದರಲ್ಲಿ ಹಾಕುತ್ತಾ ಬನ್ನಿರಿ. ಕೆಲಸವು ಮುಗಿದ ಮೇಲೆ ಅವುಗಳನ್ನು ಚಾಕುವಿನಿಂದ ಹೆಚ್ಚಿದರೆ ಹುಳಿಗೋ, ಕೂಟಿಗೋ, ಸಾಗುವಿಗೋ ಒದಗುತ್ತವೆ. ಸೌತೆಕಾಯಿಯ ತುಂಡುಗಳು ಕೋಸಂಬರಿಗೆ ಆಗುತ್ತವೆ. ಹೀಗೆ ಮಾಡಿದರೆ ತರಕಾರಿಯೂ ಉಳಿಯಿತು, ಬೆರಳೂ ಉಳಿಯಿತು.

5. ಹೋಳಿನ ದಪ್ಪ

ಹೆರೆಯುವ ಮಣೆಯ ನಿಜವಾದ ಪ್ರಯೋಜನವು ವೇಗವಲ್ಲ, ಸಮತೆ. ಹೋಳುಗಳೆಲ್ಲವೂ ಒಂದೇ ದಪ್ಪವಾಗಿದ್ದರೆ ಒಂದೇ ಕಾಲಕ್ಕೆ ಬೇಯುತ್ತವೆ, ಒಂದೇ ಕಾಲಕ್ಕೆ ಒಣಗುತ್ತವೆ. ಹೋಳಿನ ದಪ್ಪವು ಎರಡರಷ್ಟಾದರೆ, ಒಳಗಿನ ತೇವವು ಹೊರಗೆ ಬರುವುದಕ್ಕೆ ಸುಮಾರು ನಾಲ್ಕರಷ್ಟು ಕಾಲ ಹಿಡಿಯುತ್ತದೆ. ಬೇಸಗೆಯಲ್ಲಿ ಮಹಡಿಯ ಮೇಲೆ ಹಾಗಲಕಾಯಿಯ ಹೋಳುಗಳನ್ನು ಒಣಗಿಸುವಾಗ ಕೆಲವು ಗರಿಗರಿಯಾಗಿ, ಕೆಲವು ಮೆತ್ತಗೆ ಉಳಿದು ಬೂಸಲು ಹಿಡಿಯುವುದಕ್ಕೆ ಇದೇ ಕಾರಣ. ಡಬ್ಬದಲ್ಲಿ ಒಂದು ಹಸಿಹೋಳು ಇದ್ದರೆ ಸಾಕು, ಮಿಕ್ಕವುಗಳೂ ಕೆಡುತ್ತವೆ.

ದಪ್ಪವನ್ನು ಅಳೆಯುವುದಕ್ಕೆ ಸುಲಭವಾದ ಉಪಾಯವುಂಟು. ಹತ್ತು ಹೋಳುಗಳನ್ನು ಒಂದರ ಮೇಲೊಂದು ಇಟ್ಟು, ಮಕ್ಕಳ ಅಳತೆಪಟ್ಟಿಯಿಂದ ಅಳೆದು, ಬಂದ ಅಳತೆಯನ್ನು ಹತ್ತರಿಂದ ಭಾಗಿಸಿರಿ. ರಾಶಿಯು 15 ಮಿಲಿಮೀಟರ್ ಇದ್ದರೆ ಒಂದು ಹೋಳಿನ ದಪ್ಪವು 1.5 ಮಿಲಿಮೀಟರ್. ಎಣ್ಣೆಯಲ್ಲಿ ಕರಿಯುವುದಕ್ಕೆ 1ರಿಂದ 1.5 ಮಿಲಿಮೀಟರ್, ಒಣಗಿಸುವುದಕ್ಕೆ 2ರಿಂದ 3, ಪಲ್ಯಕ್ಕೆ 3ರಿಂದ 4 ಎಂದು ಇಟ್ಟುಕೊಳ್ಳಬಹುದು. ನಾಲ್ಕನೆಯ ತರಗತಿಯ ಮಗುವೂ ಈ ಲೆಕ್ಕವನ್ನು ಮಾಡಬಲ್ಲದು. ಅಡಿಗೆಯ ಮನೆಯಲ್ಲಿಯೇ ಅದಕ್ಕೊಂದು ಭಾಗಾಕಾರದ ಪಾಠವಾಗುತ್ತದೆ.

6. ನಮ್ಮ ಸೀಮೆಯ ಬಾಳೆಯೂ ಇತರ ಕಾಯಿಪಲ್ಯಗಳೂ

ಕಪಿಲೆಯ ದಡದ ನಂಜನಗೂಡಿನಲ್ಲಿಯೂ, ಕಪಿಲೆಯು ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರದಲ್ಲಿಯೂ ಬಾಳೆಯನ್ನು ಅರಿಯದ ಮನೆಯಿಲ್ಲ. ನಂಜನಗೂಡು ರಸಬಾಳೆಗೆ ಭೌಗೋಳಿಕ ಗುರುತಿನ ಮಾನ್ಯತೆಯು ದೊರೆತಿದೆ. ಪನಾಮಾ ಸೊರಗುರೋಗದಿಂದ ಅದರ ಬೇಸಾಯವು ಬಹಳವಾಗಿ ಕುಗ್ಗಿದುದೂ ನಿಮಗೆ ತಿಳಿದದ್ದೇ. ರಸಬಾಳೆಯು ಹಣ್ಣಾಗಿ ತಿನ್ನತಕ್ಕದ್ದು. ಮಣೆಗೆ ಬೇಕಾದುದು ಪಲ್ಯದ ಬಾಳೆಕಾಯಿ.

ಬಾಳೆಕಾಯಿಯಲ್ಲಿ ಅಂಟಾದ ರಸವಿದೆ. ಅದು ಕೈಯನ್ನು ಕಪ್ಪಾಗಿಸುತ್ತದೆ, ಅಲಗಿಗೆ ಹತ್ತಿಕೊಂಡು ತರಕಾರಿಯ ಓಟವನ್ನು ತಡೆಯುತ್ತದೆ. ಆದಕಾರಣ ಮೊದಲು ಕೈಗೂ ಹಲಗೆಗೂ ಒಂದೆರಡು ತೊಟ್ಟು ಕೊಬ್ಬರಿ ಎಣ್ಣೆಯನ್ನು ಸವರಿ, ಜಾರುವಷ್ಟು ಉಳಿಯದಂತೆ ಅಂಗೈಯನ್ನು ಒರೆಸಿಕೊಳ್ಳಬೇಕು. ಹೆರೆದ ಹೋಳುಗಳು ಗಾಳಿ ತಾಕಿ ಕಪ್ಪಾಗುತ್ತವೆ. ಕಾಯಿಯಲ್ಲಿರುವ ಒಂದು ಕಿಣ್ವವು ಗಾಳಿಯ ಆಮ್ಲಜನಕದೊಡನೆ ಸೇರಿ ಕೆಲಸಮಾಡುವುದೇ ಇದಕ್ಕೆ ಕಾರಣ. ನೀರುಮಜ್ಜಿಗೆಯಲ್ಲಾಗಲಿ, ನಿಂಬೆರಸ ಹಿಂಡಿದ ನೀರಿನಲ್ಲಾಗಲಿ ಹಾಕಿದರೆ ಹುಳಿಯು ಆ ಕಿಣ್ವವನ್ನು ತಡೆಯುತ್ತದೆ. ಬಾಳೆದಿಂಡನ್ನು ಮಜ್ಜಿಗೆಗೆ ಹಾಕುವ ನಮ್ಮ ಅಜ್ಜಿಯರ ಪದ್ಧತಿಯಲ್ಲಿ ಈ ಶಾಸ್ತ್ರವೇ ಅಡಗಿದೆ.

ಆದರೆ ಬಾಳೆದಿಂಡನ್ನು ಈ ಮಣೆಯಲ್ಲಿ ಹೆರೆಯಬೇಡಿರಿ. ಅದರ ನಾರು ಅಲಗಿನ ಸಂದಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅದನ್ನು ಬೆರಳಿನಿಂದ ಎಳೆಯಹೋದರೆ ಗಾಯವಾಗುತ್ತದೆ. ಬಿಲ್ಲೆಬಿಲ್ಲೆಯಾಗಿ ಕತ್ತರಿಸಿ, ನಾರನ್ನು ಬೆರಳಿಗೆ ಸುತ್ತಿ ತೆಗೆಯುವುದಕ್ಕೆ ಈಳಿಗೆಮಣೆಯೇ ಉತ್ತಮ. ಸುವರ್ಣಗೆಡ್ಡೆ, ಗಟ್ಟಿ ಸಿಪ್ಪೆಯ ಕುಂಬಳಕಾಯಿ, ಮಾಗಿದ ಟೊಮೇಟೊ ಇವೂ ಈ ಮಣೆಗೆ ಹೊಂದುವುದಿಲ್ಲ. ಸೌತೆಕಾಯಿ, ಆಲೂಗಡ್ಡೆ, ಮೂಲಂಗಿ, ಕ್ಯಾರೆಟ್, ಬೀಟ್‌ರೂಟ್, ಎಳೆಯ ಹಾಗಲಕಾಯಿ, ಕೋಸು ಇವು ಹೊಂದುತ್ತವೆ. ಆಲೂಗಡ್ಡೆಯ ಹೋಳುಗಳನ್ನು ಎರಡು ನೀರಿನಲ್ಲಿ ತೊಳೆದು ಹಿಟ್ಟನ್ನು ಕಳೆದು, ಬಟ್ಟೆಯ ಮೇಲೆ ಹರಡಿ ಚೆನ್ನಾಗಿ ಆರಿಸಿದ ಮೇಲೆಯೇ ಎಣ್ಣೆಗೆ ಬಿಡಬೇಕು.

7. ಕಾದ ಎಣ್ಣೆಯ ಮೇಲೆ ಹೆರೆಯುವುದು

ಬೀದಿಯ ಅಂಗಡಿಗಳಲ್ಲಿ ಚಿಪ್ಸ್ ಮಾಡುವವರು ಬಾಣಲೆಯ ಮೇಲೆಯೇ ಮಣೆಯನ್ನು ಹಿಡಿದು, ಹೋಳುಗಳು ನೇರವಾಗಿ ಕಾದ ಎಣ್ಣೆಗೆ ಬೀಳುವಂತೆ ಹೆರೆಯುತ್ತಾರೆ. ನೋಡುವುದಕ್ಕೆ ಅದು ಚಮತ್ಕಾರವಾಗಿದೆ. ಹೋಳುಗಳು ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಿ ಬೀಳುತ್ತವೆಂಬುದೂ ನಿಜ. ಆದರೆ ಮನೆಯಲ್ಲಿ ಹೀಗೆ ಮಾಡುವುದನ್ನು ನಾವು ಸರ್ವಥಾ ನಿಷೇಧಿಸುತ್ತೇವೆ. ಅವರದು ನಿತ್ಯದ ವೃತ್ತಿ, ನಮ್ಮದು ತಿಂಗಳಿಗೊಮ್ಮೆಯ ಕೆಲಸ. ಕೆಳಗೆ ಆಸರೆಯಿಲ್ಲದ ಮಣೆಯು ಅಲುಗಿದರೆ ಅಲಗು ಕೈಗೆ ತಾಗುತ್ತದೆ. ನೋವಿನಿಂದ ಕೈಬಿಟ್ಟರೆ ಮಣೆಯು ಎಣ್ಣೆಗೆ ಬೀಳುತ್ತದೆ. ಎಣ್ಣೆಯು ಮುಖಕ್ಕೂ ಪಕ್ಕದಲ್ಲಿ ನಿಂತ ಮಗುವಿಗೂ ಚಿಮ್ಮುತ್ತದೆ. ತಟ್ಟೆಯ ಮೇಲೆ ಹೆರೆದು, ಹೋಳುಗಳನ್ನು ಬಿಡಿಸಿ, ಸ್ವಲ್ಪಸ್ವಲ್ಪವಾಗಿ ಅಂಚಿನಿಂದ ಬಿಟ್ಟರೆ ರುಚಿಗೆ ಏನೂ ಕೊರತೆಯಾಗುವುದಿಲ್ಲ.

8. ತೊಳೆಯುವ ಕ್ರಮ

ಹೆರೆಯುವಾಗ ಆಗುವ ಗಾಯವು ನಮ್ಮ ಕೈಗೆ. ತೊಳೆಯುವಾಗ ಆಗುವ ಗಾಯವು ಅನೇಕಸಾರಿ ಮತ್ತೊಬ್ಬರ ಕೈಗೆ. ಮಣೆಯನ್ನು ಸೋಪಿನ ನೀರಿನ ಬೋಗುಣಿಯಲ್ಲಿ ಮುಳುಗಿಸಿಟ್ಟು ಹೊರಟುಹೋದರೆ, ನೊರೆಯ ಕೆಳಗೆ ಅಲಗು ಕಾಣದೆ ಕುಳಿತಿರುತ್ತದೆ. ತರುವಾಯ ಕೈಹಾಕುವವಳು ಪಾತ್ರೆ ತೊಳೆಯುವುದಕ್ಕೆ ಬರುವ ಹೆಂಗಸು. ಅವಳ ಬೆರಳು ಕತ್ತರಿಸಿದರೆ ನಮ್ಮ ಮನೆಯ ಪಾತ್ರೆ ಮಾತ್ರವಲ್ಲ, ಅವಳು ಹೋಗತಕ್ಕ ನಾಲ್ಕು ಮನೆಗಳ ಕೆಲಸವೂ ನಿಲ್ಲುತ್ತದೆ. ಅವಳ ಮಕ್ಕಳ ಊಟಕ್ಕೆ ಕೊರತೆಯಾಗುತ್ತದೆ. ನೆರೆಯವಳನ್ನು ಪ್ರೀತಿಸಬೇಕೆಂದು ದೇವಾಲಯದಲ್ಲಿ ಕೇಳಿಬಂದವರು ಬಚ್ಚಲಲ್ಲಿ ಅದನ್ನು ಮರೆಯಬಾರದು. ಆದಕಾರಣ ಹೆರೆಯುವ ಮಣೆಯನ್ನು ಬಳಸಿದವರೇ, ಬಳಸಿದ ಕೂಡಲೇ, ತಾವೇ ತೊಳೆಯತಕ್ಕದ್ದು.

ತರಕಾರಿಯ ರಸವು ಒಣಗುವುದಕ್ಕೆ ಮುಂಚೆ ಹರಿಯುವ ನೀರಿನ ಕೆಳಗೆ ಹಿಡಿದರೆ ಬಹುಭಾಗವು ತಾನೇ ಹೋಗುತ್ತದೆ. ಉಳಿದುದನ್ನು ಉದ್ದ ಹಿಡಿಯ ಕುಂಚದಿಂದಲೋ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದಲೋ, ಅಲಗಿನ ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಉಜ್ಜಬೇಕು. ಬಾಯಿಗೆ ಎದುರಾಗಿ ಉಜ್ಜಬಾರದು. ಹಿಂದೆ ನಮ್ಮ ಕಡೆ ಪಾತ್ರೆಗಳನ್ನು ಹೊಳೆಯ ಮರಳಿನಿಂದಲೂ ಬೂದಿಯಿಂದಲೂ ಬೆಳಗುತ್ತಿದ್ದರು. ಹಿತ್ತಾಳೆಯ ಬಿಂದಿಗೆಗೆ ಅದು ಸರಿ. ಅಲಗಿಗೆ ಮರಳು ತಗುಲಿದರೆ ಹದವು ಹೋಗುತ್ತದೆ.

ಅಲಗು ಬರಿಯ ಕಬ್ಬಿಣದ್ದಾದರೆ ನಿಂಬೆ, ಮಾವಿನಕಾಯಿಗಳಂತಹ ಹುಳಿಪದಾರ್ಥಗಳು ತಗುಲಿ ಕಪ್ಪಾಗುತ್ತದೆ. ಒರೆಸಿ, ಒಂದು ತೊಟ್ಟು ಅಡಿಗೆಯ ಎಣ್ಣೆಯನ್ನು ಸವರಿ ಇಡಬೇಕು. ಈಗಿನ ಅಲಗುಗಳು ಬಹುತೇಕ ಸ್ಟೇನ್‌ಲೆಸ್ ಉಕ್ಕಿನವು. ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ 1913ರಲ್ಲಿ ಹ್ಯಾರಿ ಬ್ರಿಯರ್ಲಿ ಎಂಬಾತನು ಕ್ರೋಮಿಯಮ್ ಬೆರೆಸಿದ ಇಂತಹ ಉಕ್ಕನ್ನು ಕರಗಿಸಿ ತಯಾರಿಸಿದನು. ಅದರಲ್ಲಿ ಸೇಕಡಾ 10.5ಕ್ಕೆ ಕಡಿಮೆಯಿಲ್ಲದಷ್ಟು ಕ್ರೋಮಿಯಮ್ ಇರುವುದರಿಂದ ಮೇಲೆ ಒಂದು ತೆಳುಪೊರೆಯುಂಟಾಗಿ ತುಕ್ಕನ್ನು ತಡೆಯುತ್ತದೆ. ಆದರೂ ಉಪ್ಪುನೀರಿನಲ್ಲಿ ಬಹಳ ಹೊತ್ತು ಬಿಟ್ಟರೆ ಆ ಪೊರೆಯು ಅಲ್ಲಲ್ಲಿ ಮುರಿದು ಸಣ್ಣ ಗುಳಿಗಳು ಬೀಳುತ್ತವೆ. ಉಪ್ಪು ಹಾಕುವುದಿದ್ದರೆ ಹೋಳುಗಳಿಗೆ ಬಟ್ಟಲಲ್ಲಿ ಹಾಕಿರಿ, ಮಣೆಯ ಮೇಲೆ ಹಾಕಬೇಡಿರಿ.

ಒರೆಸಿ ಒಣಗಿಸಿದ ಮೇಲೆ ಅಲಗನ್ನು ದಪ್ಪ ರಟ್ಟಿನಿಂದ ಮುಚ್ಚಿ, ಮಕ್ಕಳ ಕೈಗೆ ಎಟುಕದ ಗೂಡಿನಲ್ಲಿ ನಿಲ್ಲಿಸಿಡಬೇಕು. ಚಮಚಗಳ ನಡುವೆ ಎಸೆಯಬಾರದು.

9. ಹದ ಕಾಯುವುದು

ಮೊಂಡ ಅಲಗಿನಿಂದ ಕೈಗೆ ಅಪಾಯವಿಲ್ಲವೆಂದು ಕೆಲವರು ತಿಳಿದಿದ್ದಾರೆ. ಇದು ತಪ್ಪು. ಅಲಗು ಮೊಂಡಾದಷ್ಟೂ ನಾವು ಹೆಚ್ಚು ಒತ್ತುತ್ತೇವೆ. ಹೆಚ್ಚು ಒತ್ತಿದಷ್ಟೂ ತರಕಾರಿಯು ತಟ್ಟನೆ ಜಾರುತ್ತದೆ. ಹದವಿಲ್ಲದ ಕಬ್ಬಿಣವು ಬಲವನ್ನು ವ್ಯರ್ಥವಾಗಿ ಬೇಡುತ್ತದೆಂಬ ವಿವೇಕವು ಪ್ರಸಂಗಿಯ 10ನೆಯ ಅಧ್ಯಾಯದಲ್ಲಿಯೇ ಇದೆ.

ಹದವನ್ನು ಹೆಬ್ಬೆರಳಿನಿಂದ ಪರೀಕ್ಷಿಸಬೇಡಿರಿ. ಸೌತೆಕಾಯಿಯ ಹೋಳು ಅಂಚಿನಲ್ಲಿ ಹರಿದು ಬಂದರೆ ಅಲಗು ಮೊಂಡಾಯಿತೆಂದು ತಿಳಿಯಿರಿ. ತಿರುಪು ಬಿಚ್ಚಿ ತೆಗೆಯತಕ್ಕ ಅಲಗಾದರೆ ಸಾಣೆ ಹಿಡಿಯುವವರಿಗೆ ಕೊಡಬಹುದು. ಬಿಚ್ಚಲು ಬಾರದ ಪ್ಲಾಸ್ಟಿಕ್ ಮಣೆಯಾದರೆ ಹೊಸದನ್ನು ಕೊಳ್ಳುವುದೇ ಲೇಸು. ಹಳೆಯದನ್ನು ಎಸೆಯುವಾಗ ಅಲಗಿಗೆ ದಪ್ಪ ಕಾಗದವನ್ನು ಸುತ್ತಿ ಕಟ್ಟಿ, ಪೌರಕಾರ್ಮಿಕರ ಕೈಗೆ ಬೇರೆಯಾಗಿಯೇ, ಬಾಯಿಮಾತಿನಿಂದ ತಿಳಿಸಿ ಕೊಡತಕ್ಕದ್ದು.

10. ಗಾಯವಾದರೆ

ಚಿಕ್ಕ ಗಾಯವನ್ನು ಹರಿಯುವ ಶುದ್ಧಜಲದಲ್ಲಿ ತೊಳೆಯಿರಿ. ರಕ್ತವು ಹೆಚ್ಚಾಗಿ ಸುರಿಯುತ್ತಿದ್ದರೆ ತೊಳೆಯುತ್ತಾ ನಿಲ್ಲದೆ, ಒಗೆದ ಬಟ್ಟೆಯನ್ನು ಇಟ್ಟು ಗಟ್ಟಿಯಾಗಿ ಒತ್ತಿ, ಕೈಯನ್ನು ಎದೆಗಿಂತ ಮೇಲೆ ಎತ್ತಿ ಹಿಡಿಯಿರಿ. ಹತ್ತು ನಿಮಿಷಗಳವರೆಗೆ ಬಟ್ಟೆಯನ್ನು ಎತ್ತಿ ಎತ್ತಿ ನೋಡಬೇಡಿರಿ. ಅರಿಸಿನ, ಕಾಫಿಪುಡಿ, ಸುಣ್ಣ, ಬೂದಿ, ಸೀಮೆಎಣ್ಣೆ ಇವುಗಳಲ್ಲಿ ಯಾವುದನ್ನೂ ಗಾಯಕ್ಕೆ ತುಂಬಬಾರದು.

ರಕ್ತವು ನಿಲ್ಲದಿದ್ದರೆ, ಬೆರಳು ಮಡಿಸಲು ಬಾರದಿದ್ದರೆ, ತುದಿಯಲ್ಲಿ ಸ್ಪರ್ಶವು ತಿಳಿಯದಿದ್ದರೆ, ಅಥವಾ ತುದಿಯೇ ತುಂಡಾಗಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ನಂಜನಗೂಡಿನಲ್ಲಿಯೂ ನರಸೀಪುರದಲ್ಲಿಯೂ ಸರಕಾರದ ತಾಲ್ಲೂಕು ಆಸ್ಪತ್ರೆಗಳಿವೆ; 108ಕ್ಕೆ ಕರೆಮಾಡಿದರೆ ಆಂಬುಲೆನ್ಸ್ ಬರುತ್ತದೆ. ತುಂಡಾದ ಭಾಗವನ್ನು ಒದ್ದೆಮಾಡಿ ಹಿಂಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಚೀಲದಲ್ಲಿ ಹಾಕಿ ಬಾಯಿಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಬೆರೆತ ನೀರಿನಲ್ಲಿಟ್ಟು ಜೊತೆಯಲ್ಲಿ ಒಯ್ಯಿರಿ. ಮಂಜುಗಡ್ಡೆಯ ಮೇಲೆ ನೇರವಾಗಿ ಇಡಬಾರದು.

ಧನುರ್ವಾಯುವು ತುಕ್ಕಿನಿಂದ ಹುಟ್ಟುತ್ತದೆಂಬ ನಂಬಿಕೆಯುಂಟು. ಅದು ಹುಟ್ಟುವುದು ಮಣ್ಣು ಸಗಣಿಗಳಲ್ಲಿರುವ ಸೂಕ್ಷ್ಮಜೀವಿಯಿಂದ; ಅಲಗು ಹೊಳೆಯುತ್ತಿದ್ದ ಮಾತ್ರಕ್ಕೆ ನಿರ್ಭಯವೆಂದು ತಿಳಿಯಬಾರದು. ಸರಕಾರದ ಲಸಿಕೆಯ ಕ್ರಮದಲ್ಲಿ 10 ಮತ್ತು 16ನೆಯ ವಯಸ್ಸಿನಲ್ಲಿ ಇದರ ಚುಚ್ಚುಮದ್ದು ಕೊಡಲ್ಪಡುತ್ತದೆ. ಮಾತಾಪಿತೃಗಳು ಇದನ್ನು ತಪ್ಪಿಸಬಾರದೆಂದು ಬೇಡುತ್ತೇವೆ.

11. ಮನೆಯಲ್ಲಿ ಮಾಡತಕ್ಕ ಅಭ್ಯಾಸ

(1) ನಿಮ್ಮ ಮನೆಯ ಮಣೆಯ ಹಿಡಿಕೆಯು ಎಲ್ಲಿದೆ? ಹುಡುಕಿ ತೆಗೆದು ಮಣೆಯ ಜೊತೆಯಲ್ಲಿಯೇ ಕಟ್ಟಿಡಿರಿ.

(2) ಒಂದು ಸೌತೆಕಾಯಿಯನ್ನು ಹೆರೆದು, ಹತ್ತು ಹೋಳುಗಳಿಂದ ಒಂದರ ದಪ್ಪವನ್ನು ಲೆಕ್ಕಮಾಡಿರಿ.

(3) ಒಂದು ವಾರದ ಕೊನೆಯ ತುಂಡುಗಳನ್ನು ಅಂದಂದೇ ಯಾವ ಯಾವ ಅಡಿಗೆಗೆ ಬಳಸಿದಿರೆಂದು ಬರೆದಿಡಿರಿ.

(4) ನಿಮ್ಮ ಮನೆಯಲ್ಲಿ ಪಾತ್ರೆ ತೊಳೆಯುವವರು ಯಾರು? ಮಣೆಯನ್ನು ನಾವೇ ತೊಳೆಯುತ್ತೇವೆ, ನೀವು ಮುಟ್ಟಬೇಡಿರೆಂದು ಅವರಿಗೆ ಇಂದೇ ಹೇಳಿರಿ.

(5) ಮನೆಯ ಗಂಡುಮಕ್ಕಳಿಗೂ ಈ ಪಾಠವನ್ನು ಓದಿ ಹೇಳಿ, ಮೇಲಿನ ನಾಲ್ಕು ಅಭ್ಯಾಸಗಳನ್ನು ಅವರಿಂದಲೂ ಮಾಡಿಸಿರಿ. ಹಸಿವು ಎಲ್ಲರಿಗೂ ಇರುವಾಗ ಅಡಿಗೆಯ ವಿದ್ಯೆಯು ಹೆಣ್ಣುಮಕ್ಕಳಿಗೆ ಮಾತ್ರವೆಂಬುದು ಸರಿಯಲ್ಲ.

ಹಳೆಯ ವಿದ್ಯಾರ್ಥಿನಿಯರು ತಮ್ಮ ಅನುಭವದಿಂದ ಈ ಪಾಠಕ್ಕೆ ಸೇರಿಸತಕ್ಕ ಸಂಗತಿಗಳಿದ್ದರೆ ನಮಗೆ ಬರೆದು ತಿಳಿಸಬೇಕೆಂದು ಕೋರುತ್ತೇವೆ. ದೇವರು ನಿಮ್ಮ ಮನೆಗಳನ್ನೂ ನಿಮ್ಮ ಕೈಕೆಲಸಗಳನ್ನೂ ಆಶೀರ್ವದಿಸಲಿ.